ಪಾಪಕ್ಕನ ಬಲ್ಬು ಮತ್ತು ನನ್ನ ಬಾಳೆಹಣ್ಣು

ಕಳೆದ ತಿಂಗಳು ನಾನು ಒಂದು ಮನೆಯ ದೀಪ ಆರಿಸಿದೆ.

ಗಾಬರಿಯಾಗಬೇಡಿ. ಯಾರ ಸಂಸಾರವನ್ನೂ ಹಾಳು ಮಾಡಿಲ್ಲ. ನಮ್ಮ ಪಕ್ಕದ ಮನೆ ಪಾಪಕ್ಕನ ಕೊಟ್ಟಿಗೆ ಮುಂದೆ ಒಂಬತ್ತು ವ್ಯಾಟಿನ ಬಲ್ಬೊಂದು ವೈರಿನಲ್ಲಿ ನೇತಾಡುತ್ತದೆ. ಐದು ರಾತ್ರಿ ಅದನ್ನು ಆರಿಸಿ ಎಂದು ಕೇಳಿದೆ, ಅಷ್ಟೆ. ಆದರೆ ಕೇಳಿದ ಮುಹೂರ್ತ ನೋಡಿ. ಶುಕ್ರವಾರ. ಮುಸ್ಸಂಜೆ. ಅಮಾವಾಸ್ಯೆಗೆ ಮೂರೇ ದಿನ. ಲಕ್ಷ್ಮಿ ಮನೆಯೊಳಗೆ ಬರುವ ಹೊತ್ತಿಗೆ ಸರಿಯಾಗಿ ಬಾಗಿಲಿಗೆ ಅಡ್ಡ ನಿಂತು "ಸ್ವಲ್ಪ ಲೈಟ್ ಆರಿಸ್ತೀರಾ?" ಎಂದು ಕೇಳಿದ ಹೆಂಗಸು ಇಡೀ ಆನೇಕಲ್ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಯಾಕೆ ಕೇಳಿದೆ? ಒಂದು ಬಾಳೆಹಣ್ಣಿನ ದೆಸೆಯಿಂದ. (ಅವಸರ ಬೇಡ, ಎಲ್ಲ ಹೇಳುತ್ತೇನೆ.)

ಈ ಅಂಕಣ ಓದುವವರಿಗೆ ನನ್ನ ಹುಚ್ಚುಗಳ ಪಟ್ಟಿ ಗೊತ್ತು. ಬೋನ್ಸಾಯ್ ಆಯಿತು, ಸಿರಿಧಾನ್ಯ ಆಯಿತು, ಈಗ ಎರಡು ವರ್ಷದಿಂದ ಆಕಾಶ. ಒಂದು ಚಿಕ್ಕ ದೂರದರ್ಶಕ, ಅದರ ಬೆನ್ನಿಗೆ ಕಚ್ಚಿಸುವ ಕ್ಯಾಮೆರಾ, ಭೂಮಿ ತಿರುಗಿದ ಹಾಗೆ ತಾನೂ ನಿಧಾನವಾಗಿ ತಿರುಗುವ ಒಂದು ಸ್ಟ್ಯಾಂಡು. ಇಷ್ಟಿದ್ದರೆ ಚಂದ್ರನ ಫೋಟೋ ಸುಲಭ. ನನಗೆ ಸುಲಭದ್ದು ಬೇಡ. ನಕ್ಷತ್ರಗಳ ನಡುವೆ ಬಣ್ಣದ ಹೊಗೆಯ ಹಾಗೆ ಹರಡಿಕೊಂಡಿರುತ್ತವಲ್ಲ ನೆಬ್ಯುಲಾಗಳು, ಅವು ಬೇಕು. ಅವುಗಳ ಬೆಳಕು ತೀರಾ ಕಮ್ಮಿ. ಒಂದೊಂದು ಫೋಟೋಗೆ ಎರಡು ಮೂರು ನಿಮಿಷ ಕ್ಯಾಮೆರಾ ಕಣ್ಣು ಬಿಟ್ಟುಕೊಂಡೇ ಇರಬೇಕು. ಅಂಥ ನಲವತ್ತೋ ಐವತ್ತೋ ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಬೇಕು. ಅಷ್ಟು ಹೊತ್ತು ಬಿಟ್ಟ ಕಣ್ಣಿಗೆ ಪಕ್ಕದಿಂದ ಚೂರೇ ಚೂರು ಬೇಡದ ಬೆಳಕು ನುಗ್ಗಿದರೂ ಚಿತ್ರದಲ್ಲಿ ಕಲೆ ಬೀಳುತ್ತದೆ.

ನನ್ನ ಚಿತ್ರದಲ್ಲಿ ಬಿದ್ದ ಕಲೆ ಬಾಳೆಹಣ್ಣಿನ ಆಕಾರದಲ್ಲಿತ್ತು.

ವೈಟ್‌ಫೀಲ್ಡಿನಲ್ಲಿ ನಮ್ಮದೊಂದು ಹವ್ಯಾಸಿಗಳ ಗುಂಪಿದೆ. ತಿಂಗಳಿಗೊಂದು ಭಾನುವಾರ ಒಂದು ಅಪಾರ್ಟ್‌ಮೆಂಟಿನ ಪಾರ್ಟಿ ಹಾಲಿನಲ್ಲಿ ಸೇರುತ್ತೇವೆ. ತೆಗೆದ ಫೋಟೋಗಳನ್ನು ಗೋಡೆಯ ಮೇಲೆ ದೊಡ್ಡದಾಗಿ ಬಿಟ್ಟು, ಒಬ್ಬರನ್ನೊಬ್ಬರು ಹೊಗಳಿ, ಚಹಾ ಕುಡಿದು ಮನೆಗೆ ಹೋಗುತ್ತೇವೆ. ಡಿಸೆಂಬರಿನಲ್ಲಿ ನನ್ನ ಸರದಿ ಬಂತು. ಓರಿಯನ್ ನೆಬ್ಯುಲಾ. ಚಳಿಗಾಲದಲ್ಲಿ ಆಕಾಶದಲ್ಲಿ ಮೂರು ನಕ್ಷತ್ರ ಸಾಲಾಗಿ ನಿಂತಿರುತ್ತವಲ್ಲ, ಅದರ ಕೆಳಗೆ ಇರುವ ಮಸುಕು ಚುಕ್ಕೆ ಅದೇ. ನನ್ನ ಚಿತ್ರದಲ್ಲಿ ನೆಬ್ಯುಲಾ ಗುಲಾಬಿ ಬಣ್ಣದಲ್ಲಿ ಅರಳಿತ್ತು. ಅದರ ಎಡಕ್ಕೆ ಹಳದಿ ಬಣ್ಣದ, ಬಾಗಿದ, ದಪ್ಪನೆಯ ಒಂದು ಪಟ್ಟಿ.

ನಾನು ಸುಮ್ಮನೆ ಕೂರಬಹುದಿತ್ತು. ಕೂರಲಿಲ್ಲ. "ಇಲ್ಲಿ ನೋಡಿ, ಧೂಳಿನ ಮೋಡ. ಇದನ್ನ ಸಾಮಾನ್ಯವಾಗಿ ಯಾರೂ ಹಿಡಿಯೋಕಾಗಲ್ಲ" ಎಂದು ಕೋಲಿಟ್ಟು ತೋರಿಸಿದೆ.

ಹಿಂದಿನ ಸಾಲಿನಲ್ಲಿ ರಾವ್ ಸಾರ್ ಕೂತಿದ್ದರು. ನಿವೃತ್ತರು, ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರು, ಇರುವೆಗೂ ನೋವಾಗದ ಹಾಗೆ ಮಾತಾಡುವವರು. "ಮೇಡಂ, ತಪ್ಪು ತಿಳೀಬೇಡಿ. ಅದು ಆಕಾಶದಲ್ಲಿಲ್ಲ" ಎಂದರು.

"ಮತ್ತೆಲ್ಲಿದೆ ಸಾರ್?"

"ನಿಮ್ಮ ಟೆಲಿಸ್ಕೋಪಿನ ಟ್ಯೂಬಿನೊಳಗೆ."

ಆಮೇಲೆ ಮುಂದಿನ ಸಾಲಿನ ಒಬ್ಬ ತನ್ನ ಗೆಳೆಯನಿಗೆ ಪಿಸುಗುಟ್ಟಿದ. ಪಿಸುಗುಟ್ಟಿದ್ದು ಇಡೀ ಹಾಲಿಗೆ ಕೇಳಿಸಿತು. "ಮಚ್ಚಾ, ಬನಾನಾ ನೆಬ್ಯುಲಾ!"

ಅವತ್ತಿನಿಂದ ಗುಂಪಿನ ವಾಟ್ಸಾಪಿನಲ್ಲಿ ನಾನು ಗುಡ್ ಮಾರ್ನಿಂಗ್ ಹಾಕಿದರೂ ಉತ್ತರವಾಗಿ ಬಾಳೆಹಣ್ಣಿನ ಚಿತ್ರ ಬರುತ್ತಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮನೆಯವರು ಹೇಳುತ್ತಾರೆ. ಅವತ್ತು ಅಲ್ಲಿಂದಲೂ ಹೊರಗೆ ಜಿಗಿಯಿತು. ಜನವರಿಯ ಸಭೆಯೊಳಗೆ ಬಾಳೆಹಣ್ಣಿಲ್ಲದ ಒಂದು ಓರಿಯನ್ ತೆಗೆದು ಆ ಗೋಡೆಯ ಮೇಲೆ ಬಿಡಬೇಕು. ಬಿಡದಿದ್ದರೆ ಆ ಹಾಲಿಗೆ ಕಾಲಿಡುವುದಿಲ್ಲ ಎಂದು ಶಪಥ ಮಾಡಿದೆ.

ಚಹಾ ಕುಡಿಯುವಾಗ ರಾವ್ ಸಾರ್ ಹತ್ತಿರ ಬಂದು ಮೆಲ್ಲಗೆ ಹೇಳಿದರು. "ಮೊದಲು ಕ್ಯಾಮೆರಾ ಬಿಚ್ಚಿ. ಆ ಜಾಗದಲ್ಲಿ ನಿಮ್ಮ ಕಣ್ಣಿಟ್ಟು, ಹಿಂದಿನಿಂದ ಒಳಗೆ ನೋಡಿ. ಎದುರಿಗಿರೋ ಗಾಜು ಬಿಟ್ಟು ಬೇರೆ ಏನಾದ್ರೂ ಹೊಳೆದರೆ, ಕಾಯಿಲೆ ಅಲ್ಲೇ."

"ಖಂಡಿತ ಸಾರ್" ಎಂದೆ. ನೋಡಲಿಲ್ಲ.

ಯಾಕೆ ನೋಡಲಿಲ್ಲ ಎಂದರೆ, ನಾನು ಟೆಸ್ಟರ್. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುತ್ತಿದ್ದೇನೆ. ತಪ್ಪು ಹೊರಗಡೆ ಇರುತ್ತದೆ, ಬೇರೆಯವರದ್ದಾಗಿರುತ್ತದೆ, ನಾನು ಅದನ್ನು ಹಿಡಿಯುತ್ತೇನೆ. ಇದು ನನಗೆ ಅಭ್ಯಾಸವಾಗಿಹೋಗಿದೆ. (ಮನೆಯಲ್ಲೂ ಹಾಗೇ ಎಂಬ ದೂರು ಇದೆ. ಅದು ಇನ್ನೊಂದು ವಾರದ ವಿಷಯ.)

ಇನ್ನೊಂದು ಕಾರಣವೂ ಇತ್ತು. ಆ ಟ್ಯೂಬಿನ ಮೂತಿಗೆ ಹಾಕಿದ್ದ ಕೊಳವೆ ನನ್ನ ತಮ್ಮ ಮಾಡಿಕೊಟ್ಟಿದ್ದು.

ತಮ್ಮ ಶಿವುಗೆ ಪೀಣ್ಯದಲ್ಲಿ ಸಣ್ಣ ವರ್ಕ್‌ಶಾಪಿದೆ. ಎರಡು ಲೇತು, ಒಂದು ಡ್ರಿಲ್ಲಿಂಗ್ ಮೆಷಿನ್ನು, ಗೋಡೆಗೆ ಒಂದು ಗಣಪತಿ. ಅವನ ಲೋಕದಲ್ಲಿ ಒಳ್ಳೆಯದು, ಕೆಟ್ಟದ್ದು ಎಂಬುದಿಲ್ಲ. ಫಿನಿಶ್ ಇದೆ, ಫಿನಿಶ್ ಇಲ್ಲ, ಅಷ್ಟೆ. ಮದುವೆಗೆ ಹೋಗಿ ಬಂದು "ಊಟ ಫಿನಿಶಿಂಗ್ ಚೆನ್ನಾಗಿತ್ತು ಅಕ್ಕ" ಎನ್ನುತ್ತಾನೆ. ದೂರದರ್ಶಕದ ಮುಂದೆ ಒಂದು ಉದ್ದನೆಯ ಕೊಳವೆ ಹಾಕಿದರೆ ಅಕ್ಕಪಕ್ಕದ ಬೆಳಕು ಒಳಗೆ ಬೀಳುವುದಿಲ್ಲ, ಕುದುರೆಗೆ ಕಣ್ಣಿನ ಪಟ್ಟಿ ಕಟ್ಟಿದ ಹಾಗೆ. ಅಂಥದ್ದೊಂದು ಬೇಕೆಂದು ಅಕ್ಟೋಬರಿನಲ್ಲಿ ಅವನಿಗೆ ಚಿತ್ರ ಬರೆದು ಕಳಿಸಿದ್ದೆ. ಉದ್ದ, ಅಗಲ, ದಪ್ಪ ಎಲ್ಲವನ್ನೂ ಬರೆದೆ. ಕೊನೆಗೆ ಅಕ್ಕನೆಂಬ ಅಧಿಕಾರದಲ್ಲಿ ಒಂದು ಸಾಲು ಸೇರಿಸಿದೆ. "ಫಿನಿಶ್ ಸಕ್ಕತ್ತಾಗಿರಲಿ."

ಪೀಣ್ಯದ ಹುಡುಗನಿಗೆ ಹೀಗೆ ಬರೆಯಬಾರದು ಎಂದು ಈಗ ಗೊತ್ತಾಗಿದೆ.

ಆಯುಧಪೂಜೆಯ ಮಾರನೆಯ ದಿನ ಹೋಗಿ ತಂದೆ. ಅಲ್ಯೂಮಿನಿಯಂ ಕೊಳವೆ. ಲೇತಿನಲ್ಲಿ ತಿರುಗಿಸಿ, ಬಫಿಂಗ್ ಎಂದು ಉಜ್ಜಿ ಹೊಳಪು ಕೊಟ್ಟು, ಕುಂಕುಮ ಹಚ್ಚಿ, ಬಾಳೆ ಎಲೆಯ ಮೇಲಿಟ್ಟಿದ್ದ. ಬೆಳ್ಳಿ ಚೆಂಬೂ ಅಷ್ಟು ಹೊಳೆಯುವುದಿಲ್ಲ. "ಮುಖ ನೋಡ್ಕೊಳ್ಳಕ್ಕಾ" ಎಂದ. ನೋಡಿಕೊಂಡೆ. ಓರೆಯಾಗಿದ್ದ ಬಿಂದಿಯನ್ನು ಅದರಲ್ಲೇ ಸರಿಮಾಡಿಕೊಂಡೆ. ಮೆಟ್ರೋ ಸ್ಟೇಷನ್ನಿನಲ್ಲಿ ಸೆಕ್ಯುರಿಟಿಯವಳು ಅದನ್ನು ಮೂರು ಸಲ ತಿರುಗಿಸಿ ನೋಡಿ "ಏನ್ ಮೇಡಂ ಇದು?" ಎಂದು ಕೇಳಿದಳು. "ನನ್ನ ತಮ್ಮ ಮಾಡಿದ್ದು" ಎಂದೆ. ಅದಕ್ಕಿಂತ ಸರಿಯಾದ ಉತ್ತರ ನನಗೆ ಹೊಳೆಯಲಿಲ್ಲ. ಅವಳೂ ಅದರಲ್ಲಿ ಬಿಂದಿ ನೋಡಿಕೊಂಡು ಒಳಗೆ ಬಿಟ್ಟಳು.

ಇಂಥ ಕೊಳವೆಯ ಮೇಲೆ ಯಾರಾದರೂ ಅನುಮಾನ ಪಡುತ್ತಾರಾ?

ಹಾಗಾಗಿ ತಪ್ಪಿತಸ್ಥರನ್ನು ಹೊರಗೆ ಹುಡುಕತೊಡಗಿದೆ. ನಾವಿರುವುದು ಚಂದಾಪುರ ದಾಟಿ ಆನೇಕಲ್ಲಿಗೆ ಹೋಗುವ ದಾರಿಯ ಒಂದು ಲೇಔಟಿನಲ್ಲಿ. ಮೂರನೆಯ ಮಹಡಿಯ ಬಾಡಿಗೆ ಮನೆ, ಅದರ ಮೇಲಿನ ಟೆರೇಸು ನಮ್ಮದೇ. ಸಂಜೆ ಅಲ್ಲಿ ನಿಂತು, ಕಣ್ಣಿಗೆ ಬಿದ್ದ ದೀಪಗಳನ್ನೆಲ್ಲ ಆಫೀಸಿನ ಪದ್ಧತಿಯಂತೆ ಎಕ್ಸೆಲ್ ಶೀಟಿನಲ್ಲಿ ಬರೆದೆ. ಬೀದಿ ದೀಪ, ಗಂಭೀರ ತಪ್ಪು. ಎದುರಿಗೆ ಕಟ್ಟುತ್ತಿರುವ ಅಪಾರ್ಟ್‌ಮೆಂಟಿನ ಫ್ಲಡ್ ಲೈಟು, ಅತಿ ಗಂಭೀರ. ಹೀಗೆ ಹನ್ನೊಂದು ದೀಪ. ಒಂದೊಂದರ ಮುಂದೆ ಮಾಲೀಕರ ಹೆಸರು.

ಮೊದಲು ಅಪಾರ್ಟ್‌ಮೆಂಟಿನ ವಾಚ್‌ಮನ್ ಹತ್ತಿರ ಹೋದೆ. ಮಲ್ಲಪ್ಪ, ಯಾದಗಿರಿ ಕಡೆಯವರು, ಸಿಮೆಂಟ್ ಚೀಲಗಳ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಹತ್ತರಿಂದ ಹನ್ನೆರಡರ ತನಕ ಫ್ಲಡ್ ಲೈಟ್ ಆರಿಸಲು ಸಾಧ್ಯವೇ ಎಂದು ಕೇಳಿದೆ. ಅವರು ಸ್ವಲ್ಪ ಯೋಚನೆ ಮಾಡಿದರು.

"ಮೇಡಮ್ಮರ, ಲೈಟ್ ಆರ್ಸಿದ್ರ ನಾ ಇಲ್ಲಿ ಅದೀನಿ ಅಂತ ಕಳ್ಳರಿಗಿ ಹ್ಯಾಂಗ ಗೊತ್ತಾಗಬೇಕ್ರಿ?"

ಫ್ಲಡ್ ಲೈಟನ್ನು ಅಲ್ಲಿಗೇ ಬಿಟ್ಟು ಬಂದೆ. ಬೀದಿ ದೀಪದ ಬಗ್ಗೆ ಲೈನ್‌ಮನ್‌ಗೆ ಫೋನ್ ಮಾಡಿದೆ. ದೀಪ ಉರಿಯುತ್ತಿದೆ ಎಂದು ದೂರು ಕೊಟ್ಟವರು ಅವರ ಸರ್ವಿಸಿನಲ್ಲಿ ನಾನೇ ಮೊದಲಂತೆ. ಹೀಗೆ ಹತ್ತು ಕಡೆ ಸೋತು, ಪಟ್ಟಿಯಲ್ಲಿ ಹನ್ನೊಂದನೆಯವರಾಗಿದ್ದ ಪಾಪಕ್ಕನ ಬಾಗಿಲಿಗೆ ಆ ಶುಕ್ರವಾರ ಮುಸ್ಸಂಜೆ ಹೋಗಿ ನಿಂತೆ.

ಪಾಪಕ್ಕ ಈ ಊರಿನವರೇ. ಲೇಔಟ್ ಹುಟ್ಟುವುದಕ್ಕೆ ಮುಂಚೆ ಇಲ್ಲೆಲ್ಲ ರಾಗಿ ಬೆಳೆಯುತ್ತಿದ್ದ ಮನೆತನ. ಈಗ ಉಳಿದಿರುವುದು ಒಂದು ಹೆಂಚಿನ ಮನೆ, ಒಂದು ಹಸು. ಮಗ ಟೆಂಪೋ ಓಡಿಸುತ್ತಾನೆ. ಸೊಸೆ ಮಂಜುಳಾ ಬೊಮ್ಮಸಂದ್ರದ ಒಂದು ಫ್ಯಾಕ್ಟರಿಗೆ ಹೋಗುತ್ತಾಳೆ. ಎರಡು ವರ್ಷದ ಒಬ್ಬ ಮೊಮ್ಮಗ. ನಾನು ಹೋದಾಗ ಪಾಪಕ್ಕ ತುಳಸಿಕಟ್ಟೆಗೆ ದೀಪ ಇಡುತ್ತಿದ್ದರು. ನಾನು ಬಾಯಿಬಿಟ್ಟು ಕೇಳಿದ್ದೇ ತಡ, ಕಡ್ಡಿಪೆಟ್ಟಿಗೆ ಕೆಳಗಿಟ್ಟರು.

"ಬುಡ್ತು ಅನ್ನು! ಸುಕ್ರವಾರ, ದೀಪ ಅಚ್ಚೋ ಒತ್ನಾಗೆ ಆರ್ಸು ಅಂತಾರಾ? ಸಾಂತ ಮಾಡು ಅನ್ಬೇಕು ಕಣಮ್ಮಾ."

"ಬಿಡ್ತು ಪಾಪಕ್ಕ. ಶಾಂತ ಮಾಡ್ತೀರಾ? ಐದು ದಿನ, ರಾತ್ರಿ ಮಾತ್ರ. ಫೋಟೋ ತೆಗೀಬೇಕು."

"ಕತ್ಲಾಗಾ? ನಮ್ಮ ಮಂಜಿ ಮದ್ವೇಲಿ ಫೋಟೋದೋನು ಕಣ್ ಕುಕ್ಕೋ ಅಂಗೆ ಲೈಟ್ ಬುಟ್ಟಿದ್ದ. ನೀನು ಇರೋ ಲೈಟೂ ಬ್ಯಾಡ ಅಂತೀಯಲ್ಲ. ಅಮಾಸೆ ಬೇರೆ ಬತ್ತಾ ಐತೆ."

"ಅಮಾವಾಸ್ಯೆನೇ ಬೇಕು ಪಾಪಕ್ಕ. ಅವತ್ತೇ ಚೆನ್ನಾಗಿ ಆಗೋದು!"

ಹೇಳಿದ ಮೇಲೆ ಅವರ ಮುಖ ನೋಡಿದೆ. ಅಮಾವಾಸ್ಯೆ ರಾತ್ರಿ, ಕತ್ತಲಲ್ಲಿ, ಟೆರೇಸಿನ ಮೇಲೆ ಒಬ್ಬಳೇ ಏನೋ ಮಾಡುವ ಹೆಂಗಸು. ಪಾಪಕ್ಕ ಮೊಮ್ಮಗನನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡರು. ಆಕಾಶ ತೋರಿಸಿ, ನಕ್ಷತ್ರ ತೋರಿಸಿ, ಮಾಟಮಂತ್ರವಲ್ಲ ಎಂದು ಸಾಬೀತು ಮಾಡುವ ಗಡಿಬಿಡಿಯಲ್ಲಿ "ಮೃಗಶಿರ ನಕ್ಷತ್ರ ಇದ್ಯಲ್ಲ, ಅಲ್ಲಿ..." ಎಂದೆ.

ಪಾಪಕ್ಕನ ಮುಖ ಅರಳಿತು. "ಮೃಗಸಿರಾನಾ? ನಮ್ಮ ಉಡುಗಂದು ಅದೇ ನಕ್ಸತ್ರ ಕಣಮ್ಮಾ! ಅವಂದು ಫೋಟೋ ತೆಗೀತೀಯಾ? ಅದನ್ನ ಮೊದ್ಲೇ ಏಳೋದಲ್ವಾ? ನಂಗೊಂದು ಕೊಡ್ಬೇಕು ಮತ್ತೆ."

ಮೃಗಶಿರ ಇರುವುದು ಓರಿಯನ್ ಎಂಬ ಬೇಟೆಗಾರನ ಆಕಾರದ ನಕ್ಷತ್ರಗುಂಪಿನ ತಲೆಯಲ್ಲಿ, ನಾನು ತೆಗೆಯುತ್ತಿರುವುದು ಸೊಂಟದ ಕೆಳಗಿನದ್ದು, ಇವೆರಡೂ ಬೇರೆಬೇರೆ ಎಂದು ನಾನು ವಿವರಿಸಬೇಕಿತ್ತು. ವಿವರಿಸಲಿಲ್ಲ. ಕೆಲಸ ಆಗಬೇಕಿತ್ತು. "ಕೊಡ್ತೀನಿ ಪಾಪಕ್ಕ" ಎಂದೆ. ಪಾಪಕ್ಕ ಎದ್ದು ಹೋಗಿ ಬಲ್ಬಿನ ಸ್ವಿಚ್ಚು ಒತ್ತಿದರು. ಆ ಬಲ್ಬು ಯಾಕೆ ಉರಿಯುತ್ತಿತ್ತು ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಅಂದು ರಾತ್ರಿ ಮೆಟ್ಟಿಲಿನ ಲೈಟ್ ಹಾಕಿಕೊಂಡು, ಸ್ಟ್ಯಾಂಡು ಹೊತ್ತು ಮೇಲೆ ಹೋದೆ. ಮೊದಲ ಫೋಟೋ ಪರದೆಯ ಮೇಲೆ ಬಂತು. ನೆಬ್ಯುಲಾ ಇತ್ತು. ಬಾಳೆಹಣ್ಣೂ ಇತ್ತು.

ಶನಿವಾರ ಬಾಳೆಹಣ್ಣು. ಭಾನುವಾರ ಬಾಳೆಹಣ್ಣು. ನಾನು ಎಕ್ಸೆಲ್ ಶೀಟಿಗೆ ಹೊಸ ಹೆಸರುಗಳನ್ನು ಸೇರಿಸುತ್ತಾ ಹೋದೆ. ದೂರದ ಟೆಕ್ ಪಾರ್ಕಿನ ಬೋರ್ಡು, ವಿಮಾನ, ಎರಡನೆಯ ಮಹಡಿಯವರ ಅಕ್ವೇರಿಯಂ. ನಮ್ಮನೆಯವರು ಊಟಕ್ಕೆ ಕರೆದರೆ "ಮೊಬೈಲ್ ಲೈಟ್ ಆಫ್ ಮಾಡಿ ಮಾತಾಡಿ" ಎಂದು ಗದರುವ ಮಟ್ಟಕ್ಕೆ ಬಂದಿದ್ದೆ. ಪಾಪ, ಅವರು ಕತ್ತಲಲ್ಲೇ ಅನ್ನ ಸಾರು ಕಲಸಿಕೊಂಡು ಉಂಡರು.

ಸೋಮವಾರ, ಅಮಾವಾಸ್ಯೆ. ರಾತ್ರಿ ಹನ್ನೊಂದೂವರೆ ಇರಬೇಕು. ಕ್ಯಾಮೆರಾ ಕಣ್ಣು ಬಿಟ್ಟು ಕೂತಿದೆ, ನಾನು ಉಸಿರು ಬಿಗಿಹಿಡಿದು ನಿಂತಿದ್ದೇನೆ. ಕೆಳಗಿನ ಓಣಿಯಲ್ಲಿ ಒಂದು ಮಂಕು ಬೆಳಕು ಮೆಲ್ಲಗೆ ಚಲಿಸುತ್ತಾ ಬಂತು. ಸಿಟ್ಟು ನೆತ್ತಿಗೇರಿತು. ಇಷ್ಟು ದಿನದ ಕಳ್ಳ ಇವನೇ!

"ಯಾರ್ರೀ ಅದು? ಟಾರ್ಚ್ ಆಫ್ ಮಾಡ್ರೀ!" ಎಂದು ಮೂರನೆಯ ಮಹಡಿಯ ಮೇಲಿನಿಂದ ಕಿರುಚಿದೆ.

ಬೆಳಕು ತಕ್ಷಣ ಆರಿತು. ಮರುಕ್ಷಣವೇ ಕೆಳಗಿಂದ ಚಳಕ್ ಎಂಬ ಸದ್ದು, ಆಮೇಲೆ "ಅಯ್ಯಮ್ಮಾ" ಎಂಬ ಹೆಣ್ಣುಧ್ವನಿ.

ಇದ್ದ ಹಾಗೇ ಮೆಟ್ಟಿಲು ಇಳಿದು ಓಡಿದೆ. ಇದ್ದ ಹಾಗೆ ಎಂದರೆ, ಚಳಿಗೆ ಹೊದ್ದ ಕರಿ ಶಾಲು, ಬಿಚ್ಚಿದ ಕೂದಲು, ಹಣೆಗೆ ಕಟ್ಟಿಕೊಂಡ ಕೆಂಪು ಲೈಟು. (ನಕ್ಷತ್ರ ನೋಡುವವರು ಕೆಂಪು ಲೈಟನ್ನೇ ಕಟ್ಟಿಕೊಳ್ಳುತ್ತಾರೆ, ಕತ್ತಲಿಗೆ ಹೊಂದಿಕೊಂಡ ಕಣ್ಣು ಕೆಡದಿರಲಿ ಎಂದು.) ಅಮಾವಾಸ್ಯೆಯ ರಾತ್ರಿ, ದೀಪವಿಲ್ಲದ ಓಣಿಯಲ್ಲಿ, ನಾನು ತಿರುವಿನಲ್ಲಿ ಪ್ರತ್ಯಕ್ಷಳಾದೆ.

"ಅತ್ತೇ! ಒಂಟಿ ಕಣ್ಣು! ಅಯ್ಯಯ್ಯೋ ಅತ್ತೇ!"

ಮಂಜುಳಾಳ ಆ ಕಿರುಚಾಟಕ್ಕೆ ಓಣಿಯ ನಾಯಿಗಳೆಲ್ಲ ಎದ್ದವು. ಅಪಾರ್ಟ್‌ಮೆಂಟಿನ ಕಡೆಯಿಂದ ಮಲ್ಲಪ್ಪನ ಸೀಟಿ ಕೇಳಿಸಿತು. ಅವಳ ಪಕ್ಕದಲ್ಲಿದ್ದ ಆಕೃತಿ ಕಾಲಿನಿಂದ ಚಪ್ಪಲಿ ತೆಗೆದು ನನ್ನ ಕಡೆಗೆ ಎತ್ತಿತು.

"ಪಾಪಕ್ಕ, ಹೊಡೀಬೇಡಿ! ನಾನು, ಮೇಡಮ್ಮ!"

ಚಪ್ಪಲಿ ಕೆಳಗಿಳಿಯಿತು. ಟಾರ್ಚ್ ಹೊತ್ತಿತು. ಆಗ ನೋಡಿದೆ. ಪೈಪು ಹಾಕಲು ಓಣಿಯ ಉದ್ದಕ್ಕೂ ಅಗೆದು ಬಿಟ್ಟಿದ್ದ ಚರಂಡಿ. ಅದರೊಳಗೆ ಮೊಣಕಾಲಿನವರೆಗೆ ಕೆಸರಿನಲ್ಲಿ ನಿಂತಿದ್ದ ಮಂಜುಳಾ, ಹೆಗಲಲ್ಲಿ ಟಿಫನ್ ಕ್ಯಾರಿಯರಿನ ಚೀಲ. ದೇವರು ದೊಡ್ಡವನು, ಕಾಲು ಮುರಿದಿರಲಿಲ್ಲ. ಒಂದು ಚಪ್ಪಲಿ ಮಾತ್ರ ಕೆಸರಿನ ಪಾಲಾಗಿತ್ತು.

"ಏನಿಲ್ಲ ಕಣಮ್ಮಾ" ಎಂದರು ಪಾಪಕ್ಕ, ನಾನು ಕೇಳುವ ಮೊದಲೇ, ತಪ್ಪು ತಮ್ಮದೇನೋ ಎನ್ನುವ ಹಾಗೆ. "ಇವ್ಳು ಸೆಕೆಂಡ್ ಸಿಪ್ಟು ಮುಗಿಸ್ಕೊಂಡು ಈ ಒತ್ಗೆ ಬಸ್ ಇಳೀತಾಳೆ. ಬಲ್ಬಿದ್ರೆ ಒಬ್ಳೇ ಬತ್ತಿದ್ಲು. ಈಗ ಗುಂಡಿ ಕಾಣಾಕಿಲ್ವಲ್ಲ, ಅದ್ಕೆ ದಿನಾ ಬ್ಯಾಟ್ರಿ ಇಡ್ಕೊಂಡು ರೋಡ್‌ತಾವ್ಕೆ ಓಗ್ತೀನಿ. ನಿಂಗೆ ಬೆಳಕು ಬೀಳ್ಬಾರ್ದು ಅಂತ ಸೆರಗು ಮುಚ್ಚಿದ್ದೆ ಕಣಮ್ಮಾ. ಅಂಗೂ ಬಿತ್ತಾ?"

ಅಂಗೂ ಬಿತ್ತಾ ಎಂದು ಕೇಳಿದ ಆ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅರವತ್ತು ದಾಟಿದ ಹೆಂಗಸು ನನ್ನ ಫೋಟೋಗೋಸ್ಕರ, ಚಳಿಯಲ್ಲಿ, ಟಾರ್ಚಿಗೆ ಸೆರಗು ಮುಚ್ಚಿಕೊಂಡು ಸೊಸೆಗೆ ದಾರಿ ತೋರಿಸಿದ್ದಾರೆ. ನಾನು ಮೇಲಿನಿಂದ ಅದನ್ನೂ ಆರಿಸು ಎಂದು ಕಿರುಚಿದ್ದೇನೆ. ನಾಚಿಕೆಯಿಂದ ನೆಲಕ್ಕಿಳಿದು ಹೋದೆ. ಮಂಜುಳಾಳ ಕೈಹಿಡಿದು ಮೇಲೆತ್ತಿ, ಇಬ್ಬರ ಜೊತೆ ಅವರ ಮನೆವರೆಗೂ ಹೋಗಿ, ಆ ಬಲ್ಬಿನ ಸ್ವಿಚ್ಚನ್ನು ನಾನೇ ಹಾಕಿದೆ.

ಆಮೇಲೆ ಸಾಮಾನು ಕಟ್ಟಿಡಲು ಟೆರೇಸಿಗೆ ಬಂದೆ. ಕ್ಯಾಮೆರಾ ತನ್ನ ಪಾಡಿಗೆ ಫೋಟೋ ತೆಗೆಯುತ್ತಲೇ ಇತ್ತು. ಪಾಪಕ್ಕನ ಬಲ್ಬು ಆರಿದ್ದಾಗಿನ ಚಿತ್ರ, ಉರಿಯತೊಡಗಿದ ಮೇಲಿನ ಚಿತ್ರ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಬಾಳೆಹಣ್ಣು ಒಂದು ಎಳೆ ಹೆಚ್ಚಾಗಿರಲಿಲ್ಲ, ಒಂದು ಎಳೆ ಕಮ್ಮಿಯಾಗಿರಲಿಲ್ಲ. ಬಗ್ಗಿ ನೋಡಿದರೆ, ಆ ಬಲ್ಬಿನ ಬೆಳಕು ನಮ್ಮ ಟೆರೇಸಿನ ಪ್ಯಾರಾಪೆಟ್ಟನ್ನು ದಾಟಿ ಮೇಲೆ ಬರುವುದೇ ಇಲ್ಲ. ಅದು ಯಾವತ್ತೂ ನನ್ನ ಕ್ಯಾಮೆರಾವನ್ನು ಮುಟ್ಟಿಯೇ ಇರಲಿಲ್ಲ.

ಹಾಗಾದರೆ ಯಾವುದು ಮುಟ್ಟಿತ್ತು?

ಮಂಗಳವಾರ ರಾತ್ರಿ ಬೇರೆ ದಾರಿ ಕಾಣದೆ ರಾವ್ ಸಾರ್ ಹೇಳಿದ್ದನ್ನು ಮಾಡಿದೆ. ಕ್ಯಾಮೆರಾ ಬಿಚ್ಚಿ, ಆ ಜಾಗಕ್ಕೆ ಕಣ್ಣಿಟ್ಟೆ. ಎದುರಿನ ಗಾಜಿನ ಸುತ್ತ, ಶಿವು ಮಾಡಿಕೊಟ್ಟ ಕೊಳವೆಯ ಒಳಗೋಡೆಯ ಮೇಲೆ, ಹಳದಿ ಬಣ್ಣದ, ಬಾಗಿದ, ದಪ್ಪನೆಯ ಒಂದು ಹೊಳಪು. ಬಾಳೆಹಣ್ಣು! ಗುರುತು ಸಿಗದೇ ಇರುತ್ತದೆಯೇ, ತಿಂಗಳಿಂದ ನೋಡುತ್ತಿದ್ದೇನೆ. ಕೊಳವೆ ಒಳಗಡೆಯೂ ಕನ್ನಡಿಯ ಹಾಗೆ ಮಿರಿಮಿರಿ ಹೊಳೆಯುತ್ತಿತ್ತು. ಎಲ್ಲಿಂದಲೋ ಬಂದ ಬೆಳಕನ್ನು ಹಿಡಿದು ನೇರ ಒಳಗೆ ದಾಟಿಸುತ್ತಿತ್ತು. ಅಡ್ಡ ಬೆಳಕನ್ನು ತಡೆಯಲೆಂದು ಹಾಕಿದ ಕೊಳವೆ ಅದನ್ನು ಕೈಹಿಡಿದು ಕರೆದುಕೊಂಡು ಬರುತ್ತಿತ್ತು.

ಆದರೆ ಎಲ್ಲಿಂದ? ಫ್ಲಡ್ ಲೈಟಿಗೆ ರಟ್ಟು ಅಡ್ಡ ಹಿಡಿದೆ. ಬೀದಿ ದೀಪಕ್ಕೆ ಹಿಡಿದೆ. ಬಾಳೆಹಣ್ಣು ಅಲ್ಲಾಡಲಿಲ್ಲ. ಸಹಾಯಕ್ಕೆಂದು ಕೂರಿಸಿಕೊಂಡಿದ್ದ ನಮ್ಮನೆಯವರು ಆಕಳಿಸಿ, "ನಾನು ಕೆಳಗೆ ಹೋಗ್ತೀನಿ ಕಣೇ" ಎಂದು ಎದ್ದು ಮೆಟ್ಟಿಲ ಕಡೆ ನಡೆದರು. ಅವರಿಗೊಂದು ಅಭ್ಯಾಸವಿದೆ. ಯಾವ ಕೋಣೆ ಬಿಟ್ಟು ಹೋದರೂ ಸ್ವಿಚ್ಚು ಒತ್ತಿಯೇ ಹೋಗುವುದು.

ಟಕ್. ಬಾಳೆಹಣ್ಣು ಮಾಯ.

"ರೀ! ಏನ್ ಮಾಡಿದ್ರಿ?"

"ಏನೂ ಮಾಡಿಲ್ವಲ್ಲೇ! ಮೆಟ್ಟಿಲಿನ ಲೈಟ್ ಆಫ್ ಮಾಡಿದೆ, ಅಷ್ಟೆ."

"ಹಾಕಿ." ಬಾಳೆಹಣ್ಣು ಬಂತು. "ತೆಗೀರಿ." ಹೋಯಿತು. "ಹಾಕಿ." ಬಂತು. ಹೀಗೆ ಏಳೆಂಟು ಸಲ. ನಮ್ಮ ಮೆಟ್ಟಿಲಿನ ಬಾಗಿಲಿನ ಮೇಲೆ ಒಂದು ವೆಂಟಿಲೇಟರ್ ಕಿಂಡಿ ಇದೆ, ನನ್ನ ದೂರದರ್ಶಕ ಮುಖ ಮಾಡುವ ದಿಕ್ಕಿಗೇ. ಬಾಗಿಲು ಮುಚ್ಚಿದರೂ ಬೆಳಕು ಆ ಕಿಂಡಿಯಿಂದ ಬರುತ್ತಿತ್ತು. ಊರಿನ ಹನ್ನೊಂದು ದೀಪ ಕಂಡ ನನ್ನ ಕಣ್ಣಿಗೆ ಅದೊಂದು ಕಂಡಿರಲಿಲ್ಲ. ನಮ್ಮನೆಯದಲ್ಲವೇ?

"ಇಷ್ಟು ಕತ್ತಲೆ ಬೇಕು ಅನ್ನೋಳು ಆ ಲೈಟ್ ಯಾಕೆ ಹಾಕಿಟ್ಟಿದ್ದೆ ಮತ್ತೆ?" ಎಂದು ಅವರು ಕೇಳಿದರು.

"ಮತ್ತಿನ್ನೇನು? ಕತ್ತಲಲ್ಲಿ ಇಳಿಯುವಾಗ ಕಾಲು ಜಾರಿ ಬಿದ್ದುಗಿದ್ದರೆ..." ಎಂದು ಶುರು ಮಾಡಿದವಳು ಅರ್ಧಕ್ಕೇ ನಿಲ್ಲಿಸಿದೆ. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಇದು ಅಪರೂಪ.

ಬೆಳಿಗ್ಗೆ ಶಿವುಗೆ ಫೋನ್ ಮಾಡಿದೆ. "ಅಲ್ಲ ಕಣೋ, ಕೊಳವೆ ಒಳಗಡೆ ಯಾಕೋ ಬಫಿಂಗ್ ಮಾಡಿದೆ?"

"ನಿಂಗೆ ಅಂತ ಮಾಡ್ದೆ ಅಕ್ಕ! ಬೇರೆ ಪಾರ್ಟಿಗೆ ಆದ್ರೆ ಹೊರಗಡೆ ಅಷ್ಟೇ. ಒಳಗೆ ಮಾಡೋಕೆ ಮೂರು ಗಂಟೆ ಹಿಡೀತು. ಚೆನ್ನಾಗಿದ್ಯಲ್ಲ?"

ಏನು ಹೇಳಲಿ ಇವನಿಗೆ? ಆಫೀಸಿನಲ್ಲಿ ದಿನಕ್ಕೆ ಹತ್ತು ಸಲ ನಾನು ಹುಡುಗರಿಗೆ ಕೇಳುವ ಪ್ರಶ್ನೆ ಒಂದೇ. ನಿನ್ನೆ ಸರಿಯಿದ್ದದ್ದು ಇವತ್ತು ಕೆಟ್ಟಿದೆ ಎಂದರೆ, ನಡುವೆ ಏನು ಬದಲಾಯಿಸಿದಿರಿ? ಈ ಕೊಳವೆ ಬರುವ ಮುಂಚೆ ನನ್ನ ಚಿತ್ರಗಳಲ್ಲಿ ಬಾಳೆಹಣ್ಣೇ ಇರಲಿಲ್ಲ. ಸಕ್ಕತ್ ಫಿನಿಶ್ ಕೇಳಿದವಳೂ ನಾನೇ. "ತುಂಬಾ ಚೆನ್ನಾಗಿದೆ ಕಣೋ" ಎಂದು ಫೋನಿಟ್ಟೆ.

ಒಳಗೋಡೆಗೆ ಈಗ ಕಪ್ಪಗಿರುವ, ಹೊಳೆಯದ ಏನಾದರೂ ಅಂಟಿಸಬೇಕಿತ್ತು. ಬೀರು ತೆಗೆದೆ. ತಂಗಿಯ ಆರತಕ್ಷತೆಗೆಂದು ಹೊಲಿಸಿದ್ದ ಕಪ್ಪು ವೆಲ್ವೆಟ್ ಬ್ಲೌಸ್ ಸಿಕ್ಕಿತು. ಇನ್ನೊಂದು ಆರು ಕೆಜಿ ಇಳಿಸಿದರೆ ಹಾಕಿಕೊಳ್ಳಬಹುದು ಎಂದು ಹದಿನೈದು ವರ್ಷದಿಂದ ಕಾದಿಟ್ಟದ್ದು. ಕತ್ತರಿ ಹಾಕಿದೆ. ಬೆನ್ನಿನ ಭಾಗ ಸರಿಯಾಗಿ ಸಾಕಾಯಿತು. (ಬೆನ್ನು ಅಷ್ಟು ಅಗಲ ಇತ್ತೇ ಎಂದು ದಯವಿಟ್ಟು ಪತ್ರ ಬರೆಯಬೇಡಿ.)

ಬುಧವಾರ ರಾತ್ರಿ ಪಾಪಕ್ಕನ ಬಲ್ಬು ಉರಿಯುತ್ತಿತ್ತು. ಮಲ್ಲಪ್ಪನ ಫ್ಲಡ್ ಲೈಟು ಕಳ್ಳರಿಗೆ ಮಲ್ಲಪ್ಪನನ್ನು ತೋರಿಸುತ್ತಿತ್ತು. ನಮ್ಮ ಮೆಟ್ಟಿಲ ಲೈಟು ಮಾತ್ರ ಆರಿತ್ತು. ಇಳಿಯುವಾಗ ಕೊನೆಯ ಮೆಟ್ಟಿಲು ಕಾಣದೆ ಮೊಣಕಾಲು ತರಚಿಕೊಂಡೆ. ನೋವಾಯಿತು, ಆದರೂ ಸ್ವಿಚ್ಚು ಮುಟ್ಟಲಿಲ್ಲ.

ಭಾನುವಾರ ವೈಟ್‌ಫೀಲ್ಡಿನ ಗೋಡೆಯ ಮೇಲೆ ನನ್ನ ಓರಿಯನ್ ಬಂತು. ಗುಲಾಬಿ, ನಡುವೆ ಸ್ವಲ್ಪ ನೀಲಿ, ಸುತ್ತ ಕಪ್ಪೆಂದರೆ ಕಪ್ಪು. ಮುಂದಿನ ಸಾಲಿನವನು ತಿರುಗಿ "ಮೇಡಂ, ಬಾಳೆಹಣ್ಣೆಲ್ಲಿ?" ಎಂದು ಕೇಳಿದ. "ತಿಂದೆ" ಎಂದೆ. ರಾವ್ ಸಾರ್ ನಕ್ಕು, "ಒಳಗೆ ನೋಡಿದ್ರಾ?" ಎಂದರು. "ನೋಡಿದೆ ಸಾರ್. ಲೇಟಾಯ್ತು" ಎಂದೆ.

ಚಪ್ಪಾಳೆ ಬಂತು, ಸುಳ್ಳು ಯಾಕೆ ಹೇಳಲಿ, ಖುಷಿಯೂ ಆಯಿತು. ಆದರೆ ಅಂದುಕೊಂಡಷ್ಟು ಆಗಲಿಲ್ಲ.

ಸೋಮವಾರ ಸಂಜೆ (ಕ್ಯಾಲೆಂಡರ್ ನೋಡಿಕೊಂಡೇ ಹೋದೆ, ಮುಸ್ಸಂಜೆಗೆ ಮುಂಚೆ) ಚಿತ್ರದ ಒಂದು ದೊಡ್ಡ ಪ್ರಿಂಟು, ಮಂಜುಳಾಳಿಗೆ ಒಂದು ಜೊತೆ ಹೊಸ ಚಪ್ಪಲಿ ತೆಗೆದುಕೊಂಡು ಪಾಪಕ್ಕನ ಮನೆಗೆ ಹೋದೆ. ಎಲ್ಲವನ್ನೂ ಒಪ್ಪಿಕೊಂಡೆ. ಇದು ಮೃಗಶಿರ ಅಲ್ಲ, ಅದರ ಕೆಳಗಿನದ್ದು ಎಂದೆ. ನಿಮ್ಮ ಬಲ್ಬಿನದು ಏನೂ ತಪ್ಪಿರಲಿಲ್ಲ, ನಮ್ಮ ಮನೆ ಲೈಟೇ ಕಾರಣ ಎಂದೆ. ತಪ್ಪಾಯ್ತು ಪಾಪಕ್ಕ ಎಂದೆ.

ಪಾಪಕ್ಕ ಬೈಯಲಿಲ್ಲ. ಚಿತ್ರವನ್ನು ಬಲ್ಬಿನ ಕೆಳಗೆ ಹಿಡಿದು, ಕಣ್ಣು ಕಿರಿದು ಮಾಡಿಕೊಂಡು ತುಂಬಾ ಹೊತ್ತು ನೋಡಿದರು. ಗುಲಾಬಿ ಬಣ್ಣದಲ್ಲಿ ಧಗಧಗ ಉರಿಯುತ್ತಿದ್ದ ನೆಬ್ಯುಲಾದ ಮೇಲೆ ಬೆರಳಿಟ್ಟು ಕೇಳಿದರು.

"ಎಷ್ಟೊಂದು ಬೆಳಕೈತಲ್ಲಮ್ಮಾ ಇಲ್ಲಿ! ಇಲ್ಲಿ ದೀಪ ಅಚ್ಚಿರೋರ ಮನೆಗೂ ಓಗಿ, ಸಾಂತ ಮಾಡಿ ಅಂತ ಏಳ್ಬುಟ್ಟು ಬಂದ್ಯಾ?"